ಹಸು ಒಲ್ಲದ ಗಿಡ

ಮೊಣಕಾಲವರೆಗೆ ಮಡಿಸಿದ ಪ್ಯಾಂಟು, ಹಿಮ್ಮಡಿಯಲ್ಲಿ ಒಣಗಿದ ಪೋರೂರು ಕೆರೆಯ ಕೆಸರು, ಹೆಗಲ ಮೇಲೆ ನೀರು ತೊಟ್ಟಿಕ್ಕುವ ಅಂತರಗಂಗೆ ಕಳೆಯ ಕಟ್ಟು. ಚೆನ್ನೈನ ಪೆರುಂಗುಡಿಯ ನಮ್ಮ ಗಾಜಿನ ಕಟ್ಟಡದ ಲಿಫ್ಟಿಗೆ ಲ್ಯಾಬಿನ ಸಾರ್ ಹೀಗೆ ಹತ್ತಿದರೆ ಉಳಿದವರೆಲ್ಲ ಇಳಿದು ಮೆಟ್ಟಿಲು ಹಿಡಿಯುತ್ತಿದ್ದರು. ಇನ್ನೊಂದು ಕಟ್ಟು ಹೊತ್ತು ಅವರ ಹಿಂದೆ ಹಲ್ಲು ಕಡಿಯುತ್ತ ನಿಂತವಳು ನಾನು.

ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ಯಾವ ಯಾವುದರಿಂದ ತೆಗೆಯಬಹುದೆಂದು ಹುಡುಕುವುದು ನಮ್ಮ ಕೆಲಸ. ಮೆಕ್ಕೆಜೋಳವನ್ನೋ ನುಚ್ಚಕ್ಕಿಯನ್ನೋ ಹಾಕಿದ್ದರೆ ಸಲೀಸಾಗಿ ಮುಗಿಯುತ್ತಿತ್ತು. ಸಾರ್ ಅವರದು ಒಂದೇ ಹಟ: ತಿನ್ನುವ ವಸ್ತು ಕೂಡದು. ಅದಕ್ಕೊಂದು ಪರೀಕ್ಷೆ ಬೇರೆ! ಏನೇ ತಂದರೂ ಮೊದಲು ಗೇಟಿನಾಚೆಯ ಹಸುವಿನ ಮುಂದಿಡಬೇಕು. ಅದು ತಿಂದರೆ ನಮಗಿಲ್ಲ. ಚೆನ್ನೈ ಬೀದಿಯ ಹಸು, ಸ್ವಾಮಿ! ಸಿನಿಮಾ ಪೋಸ್ಟರನ್ನೇ ಬಿಡದ್ದು ಇನ್ನೇನು ಬಿಟ್ಟೀತು? ಒಣಹುಲ್ಲು ಹೋಯಿತು, ಬಾಳೆದಿಂಡು ಹೋಯಿತು, ಕಬ್ಬಿನ ಸಿಪ್ಪೆಯೂ ಹೋಯಿತು. ಮೂಸಿ ಮುಖ ತಿರುಗಿಸಿದ್ದು ಈ ಹಾಳು ಅಂತರಗಂಗೆಗೆ ಮಾತ್ರ.

"ನೋಡ್ದಿಯಾಮ್ಮಾ? ಇದು ನಮ್ದು!" ಎಂದು ಕುಣಿದಾಡಿಬಿಟ್ಟರು.

ಹಿಂಡಿದರೆ ಬರೀ ನೀರು. ಹುದುಗಿಸಿದರೆ ಲಿಫ್ಟಿನವರೆಗೂ ನಾತ. ಎಥೆನಾಲೋ, ದೇವರಿಗೇ ಪ್ರೀತಿ. ಈ ಬೇಸಿಗೆಯೊಳಗೆ ಇಳುವರಿ ತೋರಿಸದಿದ್ದರೆ ಇಬ್ಬರೂ ಮನೆಗೆ ಹೋಗಿ ಎಂದಿತು ಕಂಪನಿ. ನನ್ನ ಗಂಡನ ಕೆಲಸ ಆಗಲೇ ಹೋಗಿತ್ತು.

"ಸಾರ್, ಒಂದೇ ಒಂದ್ಸಲ ಜೋಳ ಹಾಕೋಣ. ನಿಮ್ಮ ದಮ್ಮಯ್ಯ."

"ಎಲೆ ಮುಂದೆ ಕೂತಿರೋವ್ನ ಅನ್ನ ಎತ್ತಿ ಸ್ಕೂಟರ್‌ಗೆ ಹಾಕ್ತಿಯಾ? ಎನ್ನಮ್ಮಾ ನೀನು!"

"ಸ್ಕೂಟರ್ ಹಾಳಾಗ್ಲಿ! ನನ್ನ ಎಲೇಲೇ ಅನ್ನ ಇರಲ್ಲ ಸಾರ್!" ಎಂದು ಕಿರುಚಿದೆ.

ಮರುದಿನ ಮೀಟಿಂಗಿನಲ್ಲಿ ಸಾರ್ ಎದ್ದು ನಿಂತರು. ಈಕೆ ಮೊದಲಿಂದಲೂ ಜೋಳವೆನ್ನುತ್ತಿದ್ದಳು, ಕಿವಿಗೆ ಹಾಕಿಕೊಳ್ಳದವನು ನಾನು, ಆ ಕೆಲಸ ಈಕೆಗೆ ಕೊಟ್ಟು ನನ್ನನ್ನು ಬಿಟ್ಟುಬಿಡಿ ಎಂದರು. ನನ್ನ ಕಡೆ ನೋಡಲೂ ಇಲ್ಲ. ಅಲ್ಲ, ನನಗೆ ಒಂದು ಮಾತು ಹೇಳಬಾರದೇ?

ಅವರು ಹೋದ ಮೇಲೆ ಲ್ಯಾಬಿಗೆ ಮೂಟೆ ಮೂಟೆ ಜೋಳ ಬಂತು, ನನ್ನ ಕೆಲಸ ಉಳಿಯಿತು. ಹೋದ ತಿಂಗಳು ಸಾರ್ ತೀರಿಕೊಂಡರು. ಅದಕ್ಕೆ ಮುಂಚೆ ಆಸ್ಪತ್ರೆಗೆ ಹೋಗಿ ನೋಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ಇಳುವರಿ ಚೆನ್ನಾಗಿ ಬರ್ತಿದ್ಯಾಮ್ಮಾ?"

"ಬರ್ತಿದೆ ಸಾರ್."

"ಶರಿ ಶರಿ. ಊಟ ಆಯ್ತಾ?"

ಅಷ್ಟೇ. ಬಾಯಿತುಂಬ ಬೈದು ಹೋಗಬಾರದಿತ್ತೇ, ಪುಣ್ಯಾತ್ಮ! ಈಗ ದಿನಾ ಅನ್ನ ಕಲಸುವಾಗ ಅವರ ಮೇಲೆ ಸಿಟ್ಟು ಬರುತ್ತದೆ.