ಎಡಗಡೆಯ ಸ್ಪೀಕರು

"ಈ ಎಡಗಡೆ ಸ್ಪೀಕರು ಇನ್ನೂವೆ ಮಂಕಾಗೇ ಅದೆ ಕಣಮ್ಮಿ" ಎಂದು ನಮ್ಮ ಯಜಮಾನರು ಹಾಡು ಕೇಳುತ್ತಾ ಹೇಳಿದಾಗ ನಾನು ಕೈಲಿದ್ದ ಕೆಲಸ ಬಿಟ್ಟು ಅವರತ್ತ ತಿರುಗಿದೆ. ಆ ಮಂಕು ಹೋಗಲೆಂದು ಅವರು ಆಂಪ್ಲಿಫೈಯರ್ ಬದಲಿಸಿದ್ದರು, ಕೊಳ್ಳೇಗಾಲದಿಂದ ದಪ್ಪ ವೈರು ತಂದು ಹಾಕಿದ್ದರು. ನನಗೆ ಮಾತ್ರ ಯಾವ ವ್ಯತ್ಯಾಸವೂ ಕೇಳಿಸುತ್ತಿರಲಿಲ್ಲ. "ನಿನ್ ಕಿವಿಗೆ ಕುಕ್ಕರ್ ಕೂಗುದ್ರೂ ಸಂಗೀತವೇಯ" ಎಂದು ಅಣಕಿಸುತ್ತಿದ್ದರು.

ಅಷ್ಟು ಸೂಕ್ಷ್ಮವೇ ಇವರ ಕಿವಿ, ನೋಡೇಬಿಡೋಣ ಎಂದು ಅಂದು ಬೆಳಿಗ್ಗೆ ಧೂಳು ಒರೆಸುವಾಗ ಎರಡೂ ಸ್ಪೀಕರುಗಳನ್ನು ವೈರಿನ ಸಮೇತ ಅದಲುಬದಲು ಮಾಡಿ ಇಟ್ಟಿದ್ದೆ. ಅವರು ದೂರುತ್ತಿದ್ದ ಸ್ಪೀಕರು ಈಗ ಬಲಕ್ಕಿತ್ತು. ಆದರೂ ಅವರಿಗೆ ಎಡಗಡೆಯೇ ಮಂಕು!

"ರೀ, ಒಂದ್ ಗಳಿಗೆ ಬಲಗಿವಿ ಮುಚ್ಕಳಿ" ಎಂದೆ. ನಗುತ್ತಲೇ ಅಂಗೈಯಿಂದ ಮುಚ್ಚಿಕೊಂಡರು. ಮರುಗಳಿಗೆಯೇ ಮುಖ ಗಂಟಿಕ್ಕಿ, "ಯಾಕಮ್ಮಿ ಸೌಂಡ್ ಇಳ್ಸಬುಟ್ಟೆ?" ಎಂದು ಕೇಳಿದರು.

ನಾನು ಏನನ್ನೂ ಮುಟ್ಟಿರಲಿಲ್ಲ.

ನಾಳೆ ಮೈಸೂರಿಗೆ, ಕಿವಿ ಡಾಕ್ಟರ ಹತ್ತಿರ ಹೊರಟಿದ್ದೇವೆ. ಅಂದಿನಿಂದ ಅವರು ಹೊರಗೆ ಹೋದಾಗಲೆಲ್ಲ ನಾನು ಹಾಡು ಹಾಕಿ, ಒಂದೊಂದೇ ಸ್ಪೀಕರಿಗೆ ಕಿವಿಗೊಟ್ಟು ಕೂರುತ್ತೇನೆ. ಅವರು ಹೇಳುತ್ತಿದ್ದ ಆ ಮಂಕು ನನಗೂ ಒಂದು ಸಲ ಕೇಳಿಸಿಬಿಡಲಿ, ದೇವರೇ.