ಸೊಲೊ ಊರಿನ ಬೇಡಮ್ಮ

ವೆನಿಂಗ್ ಮನೆ ಎಲ್ಲಿ ಎಂದು ನಮ್ಮ ಗಲ್ಲಿಯಲ್ಲಿ ಕೇಳಿ ನೋಡಿ, ಯಾರೂ ತೋರಿಸುವುದಿಲ್ಲ. ಬೇಡಮ್ಮ ಎನ್ನಿ, ಮೂಗು ಸುರಿಸುವ ಮಕ್ಕಳೂ ಕೈಹಿಡಿದು ಕರೆದೊಯ್ಯುತ್ತವೆ. ಆ ಹೆಸರು ಇಟ್ಟವರು ಅವಳ ತಂಡದವರಾದ ನಾವೇ. ಪಶ್ಚಾತ್ತಾಪ ಇದೆಯೇ ಎಂದು ನನ್ನನ್ನು ಕೇಳಬೇಡಿ. ನನಗೆ ಕೋಪವೇ ಇನ್ನೂ ಆರಿಲ್ಲ.

ವೃತ್ತಿಶಾಲೆಯ ಕೊನೆಯ ವರ್ಷದಲ್ಲಿ ನಾವು ಮೂವರು ಸೇರಿ ಒಂದು ರೋಬೋಟ್ ಕಟ್ಟಿದ್ದೆವು. ಚೆಂಡು ಹೆಕ್ಕಿ ಬುಟ್ಟಿಗೆ ಎಸೆಯುವುದು ಅದರ ಕೆಲಸ. ಸೆತ್ಯೊ ಕಬ್ಬಿಣ ಕೊರೆಯುತ್ತಿದ್ದ, ನಾನು ತಂತಿ ಬೆಸೆಯುತ್ತಿದ್ದೆ, ನಡೆಸುವವಳು ವೆನಿಂಗ್. ರಿಮೋಟ್ ಅವಳ ಕೈಗೆ ಬಂತೆಂದರೆ ಆ ತಗಡಿನ ಡಬ್ಬಕ್ಕೆ ಜೀವ ಬರುತ್ತಿತ್ತು. ಆ ವರ್ಷ ಗೆದ್ದವರಿಗೆ ಪಾಲಿಟೆಕ್ನಿಕ್‌ನಲ್ಲಿ ಶುಲ್ಕವಿಲ್ಲದ ಸೀಟು ಎಂದು ಸಾರಿದ್ದರು. ಸೀಟು ತಪ್ಪಿದರೆ ಸೆತ್ಯೊಗೆ ಮಾವನ ಗ್ಯಾರೇಜು ಇತ್ತು, ನನಗೆ ಅಪ್ಪನ ಅಂಗಡಿ ಇತ್ತು. ಸೈಕಲ್ ರಿಕ್ಷಾ ತುಳಿಯುವವನ ಮಗಳಾದ ವೆನಿಂಗ್‌ಗೆ ಬಟ್ಟೆ ಕಾರ್ಖಾನೆಯ ಬಾಗಿಲು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಓದಬೇಕು ಎಂಬ ಒಂದೇ ಆಸೆ ಅವಳದು, ಅದನ್ನೂ ಬಾಯಿಬಿಟ್ಟು ಹೇಳಿದವಳಲ್ಲ.

ಹೇಳುವುದು ಹೇಗೆ? ಸೊಲೊದಲ್ಲಿ ಹುಟ್ಟಿದವರಿಗೆ ಬೇಕು ಎಂಬ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು, ಮೂರನೆಯ ಸಲ ಕೇಳಿದಾಗ ತಲೆ ತಗ್ಗಿಸಿ ಹೂಂ ಎನ್ನಬೇಕು. ಕೇಳುವವರೂ ಅಷ್ಟೇ, ಮೂರು ಸಲ ಕೇಳಲೇಬೇಕು. ಮೊದಲ ಸಲಕ್ಕೇ ಕೈ ಚಾಚಿದವನಿಗೆ ಹೊಟ್ಟೆಬಾಕ ಎಂಬ ಬಿರುದು ಖಾಯಂ. ಈ ದಾಕ್ಷಿಣ್ಯ ಎಲ್ಲರಲ್ಲೂ ಅಷ್ಟಿಷ್ಟು ಇರುತ್ತದೆ, ವೆನಿಂಗ್‌ಗೆ ಮಾತ್ರ ಮೂಳೆಯೊಳಗೇ ಇತ್ತು.

ಇದೆಲ್ಲ ಗೆಂಡಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಗೆಂಡಿಸ್ ಎಂದರೆ ನಮ್ಮ ಭಾಷೆಯಲ್ಲಿ ಸಕ್ಕರೆ. ವೆನಿಂಗ್‌ಳ ಪಕ್ಕದ ಮನೆಯಲ್ಲೇ ಬೆಳೆದವಳು, ಅವಳ ತಾಯಿ ಬಡಿಸಿದ ಅನ್ನವನ್ನು ಬೇಡ ಬೇಡ ಎನ್ನುತ್ತಲೇ ಹೊಟ್ಟೆ ತುಂಬ ಉಂಡವಳು. ತಂದೆಗೆ ವರ್ಗವಾಗಿ ಜಕಾರ್ತಾಗೆ ಹೋದಳು, ದೊಡ್ಡ ಶಾಲೆ ಸೇರಿದಳು, ಅಲ್ಲಿಯ ರೋಬೋಟ್ ತಂಡಕ್ಕೆ ನಾಯಕಿಯಾದಳು. ಗೆಳೆತನವನ್ನು ಮಾತ್ರ ಬಿಟ್ಟಿರಲಿಲ್ಲ. ಸಂಜೆಯಾದರೆ ಫೋನಿನಲ್ಲಿ ಅವಳ ಮುಖ. ವೆನಿಂಗ್‌ಳನ್ನು ನಾವೆಲ್ಲ ಕರೆಯುತ್ತಿದ್ದುದು ನಿಂಗ್ ಎಂದೇ.

"ಏಯ್ ನಿಂಗ್, ಎಡಗಡೆ ಚಕ್ರ ಜಾರ್ತಿದೆ ನೋಡು. ನಿಮ್ಮ ತಂತಿ ಮಹಾರಾಯನಿಗೆ ಸ್ವಲ್ಪ ನಿದ್ದೆ ಬಿಟ್ಟು ಕೆಲಸ ಮಾಡೋಕೆ ಹೇಳು."

"ನೀನೇ ಬಂದು ಮಾಡೇ," ಎಂದು ನಾನು ರೇಗುತ್ತಿದ್ದೆ.

"ಬರಲ್ಲ. ಆದರೆ ಜೋಡಿ ಆರಿಸೋ ದಿನ ನಿಮ್ಮನ್ನೇ ಕರೀತೀನಿ. ನಿಂಗ್ ಮೇಲಾಣೆ."

ಜೋಡಿ ಆರಿಸುವುದೇ ಆ ಸ್ಪರ್ಧೆಯ ಮುಖ್ಯ ಘಟ್ಟ. ಸುತ್ತುಗಳು ಮುಗಿದ ಮೇಲೆ ಮುಂದಿರುವ ನಾಲ್ಕು ತಂಡಗಳು ವೇದಿಕೆಯಲ್ಲಿ ತಮಗೆ ಬೇಕಾದ ತಂಡವನ್ನು ಕೂಗಿ ಕರೆಯುತ್ತವೆ. ಎರಡೂ ತಂಡ ಒಟ್ಟಿಗೆ ಕೊನೆಯ ಸುತ್ತು ಆಡುತ್ತವೆ, ಗೆದ್ದರೆ ಇಬ್ಬರಿಗೂ ಸೀಟು. ಕರೆದಾಗ ಬೇಡ ಎಂದ ತಂಡವನ್ನು ಮತ್ತೆ ಯಾರೂ ಕರೆಯುವಂತಿಲ್ಲ, ಅದರ ಆಟ ಅಲ್ಲಿಗೆ ಮುಗಿಯಿತು. ನಮ್ಮ ಮೇಷ್ಟ್ರು ದರ್ಮಾಜಿ ಸ್ಪರ್ಧೆಗೆ ಹೋಗುವಾಗ ಈ ನಿಯಮವನ್ನು ಬಸ್ಸಿನಲ್ಲಿ ಓದಿಸಿದ್ದರು. ಓದಿದವಳು ವೆನಿಂಗೇ.

ಸ್ಪರ್ಧೆ ನಡೆದ ಸೆಮಾರಾಂಗ್‌ನ ಸಭಾಂಗಣದಲ್ಲಿ ನಾವು ಐದನೆಯವರಾದೆವು. ಗೆಂಡಿಸ್‌ಳ ತಂಡ ಮೊದಲನೆಯದು. ಎರಡನೆಯದು ಮೇಡಾನ್‌ನವರದು, ಅದರ ನಾಯಕ ಮಾರ್ತುವಾ ನಮ್ಮ ಮೇಜಿಗೆ ಬಂದು ಊರಿಗೆಲ್ಲ ಕೇಳುವಂತೆ ಕಿರುಚಿದ: "ಸೊಲೊದವರೇ! ಜಕಾರ್ತಾದವಳು ಕೈಕೊಟ್ರೆ ನಾನಿದೀನಿ. ಆ ಹುಡುಗಿ ಕೈ, ನಮ್ಮ ಯಂತ್ರ, ಎರಡೂ ಸೇರಿದ್ರೆ ಕಪ್ ಮನೆಗೇ ಬಂದ ಹಾಗೆ!"

ಪಕ್ಕದ ಮೇಜಿನಲ್ಲಿ ತಿರುಪು ಬಿಗಿಯುತ್ತಿದ್ದ ಗೆಂಡಿಸ್ ತಲೆ ಎತ್ತಲಿಲ್ಲ. ಆಮೇಲೆ ಎದ್ದು ಹೋಗಿ ಬಾಂಡುಂಗ್ ತಂಡದ ನಾಯಕನ ಜೊತೆ ಬಹಳ ಹೊತ್ತು ಪಿಸುಗುಟ್ಟಿದಳು. ಹಳೆಯ ಗೆಳೆಯರಿರಬೇಕು ಎಂದುಕೊಂಡೆ. ಪೆದ್ದ ನಾನು.

ಮೊದಲ ಕರೆ ಗೆಂಡಿಸ್‌ಳದು. ಮೈಕು ಹಿಡಿದು ಸಕ್ಕರೆಯಂಥ ದನಿಯಲ್ಲಿ ಅಂದಳು: "ನಮ್ಮ ತಂಡ ಸೊಲೊದವರನ್ನು ಕರೆಯುತ್ತದೆ."

ನಾನೂ ಸೆತ್ಯೊನೂ ತಬ್ಬಿಕೊಂಡೆವು. ವೆನಿಂಗ್ ವೇದಿಕೆ ಹತ್ತಿದಳು. ಎದುರಿಗೆ ಸಾವಿರ ಜನ, ಮೊದಲ ಸಾಲಿನಲ್ಲಿ ಮಂತ್ರಿಗಳು. ಬಲಗೈಯನ್ನು ಎದೆಗಿಟ್ಟು ಸೊಂಟ ಬಗ್ಗಿಸಿದಳು. ಬಾಯಿ ತನ್ನಷ್ಟಕ್ಕೇ ಓಡಿತು.

"ಅಯ್ಯೋ, ನಿಮ್ಮ ಸಮಕ್ಕೆ ನಾವೆಲ್ಲಿ? ನಮ್ಮದು ಹಳ್ಳೀ ಯಂತ್ರ. ಬೇಡ ಬಿಡಿ, ಬೇರೆ ಒಳ್ಳೆಯವರು ಎಷ್ಟು ಜನ ಇದಾರೆ..."

ಹೇಳಿ ನಗುತ್ತ ನಿಂತಳು, ಎರಡನೆಯ ಸಲ ಕೇಳಲಿ ಎಂದು.

ಗೆಂಡಿಸ್ ಅವಳನ್ನೇ ನೋಡಿದಳು. "ಅವರ ತೀರ್ಮಾನಕ್ಕೆ ನಮ್ಮ ಗೌರವ ಇದೆ," ಎಂದಳು. "ಹಾಗಾದರೆ ನಾವು ಬಾಂಡುಂಗ್ ತಂಡವನ್ನು ಕರೆಯುತ್ತೇವೆ."

ಬಾಂಡುಂಗ್‌ನ ಹುಡುಗರು ಕುಣಿಯುತ್ತ ಮೇಲೆ ಬಂದರು. ವೆನಿಂಗ್ ಇನ್ನೂ ಅಲ್ಲೇ ನಗುತ್ತ ನಿಂತಿದ್ದಳು. ಸ್ವಯಂಸೇವಕಿಯೊಬ್ಬಳು ತೋಳು ಹಿಡಿದು ಕೆಳಗಿಳಿಸಿದಳು. ಪರದೆಯ ಮೇಲೆ ನಮ್ಮ ಹೆಸರಿಗೆ ಕೆಂಪು ಗೆರೆ ಬಿತ್ತು.

ಮೇಷ್ಟ್ರು ತೀರ್ಪುಗಾರರ ಬಳಿ ಓಡಿದರು. "ತಪ್ಪು ತಿಳೀಬಾರದು, ನಮ್ಮ ಹುಡುಗಿ ಉಪಚಾರಕ್ಕೆ ಅಂದಿದ್ದು..."

"ಬೇಡ ಅಂದ್ರೆ ಬೇಡ ಸ್ವಾಮಿ. ಇನ್ನೇನಾದ್ರೂ ಇದೆಯಾ?"

"ಏನಿಲ್ಲ ಏನಿಲ್ಲ, ತೊಂದರೆ ಕೊಟ್ಟೆ," ಎಂದು ಕೈಮುಗಿದು ಹಿಂದೆ ಬಂದರು. ಅವರೂ ಸೊಲೊದವರೇ ತಾನೆ!

ಮಾರ್ತುವಾ ಬಂದು ನಮ್ಮ ಮೇಜು ಗುದ್ದಿದ. "ತಲೇಲಿ ಏನಿದೆ ನಿಮಗೆ? ಮುಂದಿನ ಕರೆ ನಂದೇ ಇತ್ತು!" ಗೆಂಡಿಸ್‌ಳ ಜೋಡಿ ಗೆದ್ದಿತು. ನಾವು ಅದನ್ನು ಪ್ರೇಕ್ಷಕರ ಸಾಲಿನಲ್ಲಿ ಕೂತು ನೋಡಿದೆವು.

ಶಿಕ್ಷೆ ಶುರು ಮಾಡಿದವನು ಸೆತ್ಯೊ. ವಾಪಸು ಬರುವಾಗ ಬಸ್ಸಿನಲ್ಲಿ ಅನ್ನದ ಪೊಟ್ಟಣ ಹಿಡಿದು, "ಊಟ ಬೇಕಾ ನಿಂಗ್?" ಎಂದ.

"ಬೇಡ, ನೀವು ತಿನ್ನಿ," ಎಂದಳು, ಅಭ್ಯಾಸಬಲ.

"ಸರಿ. ಅವರ ತೀರ್ಮಾನಕ್ಕೆ ನಮ್ಮ ಗೌರವ ಇದೆ," ಎಂದು ಅವಳ ಪಾಲನ್ನು ಬಿಚ್ಚಿ ನನಗರ್ಧ ಕೊಟ್ಟ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ತಿಂದೆ. ಅಂದಿನಿಂದ ಅವಳನ್ನು ಏನನ್ನೂ ಎರಡನೆಯ ಸಲ ಕೇಳಬಾರದು ಎಂದು ನಮ್ಮಲ್ಲೇ ಕಟ್ಟಳೆಯಾಯಿತು. ನೀರು ಬೇಕಾ, ಕೂರ್ತೀಯಾ, ಸೈಕಲ್ ಹತ್ತುತ್ತೀಯಾ, ಎಲ್ಲ ಒಂದೇ ಸಲ. ಹೂಂ ಎನ್ನಲು ಅವಳು ಬಾಯಿ ಅಭ್ಯಾಸ ಮಾಡಿಕೊಳ್ಳುವಷ್ಟರಲ್ಲಿ ಶಾಲೆ ಮುಗಿದಿತ್ತು, ಬೇಡಮ್ಮ ಎಂಬ ಹೆಸರು ಗಲ್ಲಿಯ ಗೋಡೆ ಹತ್ತಿತ್ತು.

ಕಾರ್ಖಾನೆ ಸೇರಿದ ಮೇಲೆ ಅವಳ ಬಾಯಲ್ಲಿ ಬೇಡ ಎಂಬ ಮಾತೇ ಸತ್ತುಹೋಯಿತು. ರಜೆಯ ದಿನ ಬರ್ತೀಯಾ ಎಂದರೆ ಹೂಂ. ಜ್ವರದಲ್ಲೂ ನಿಲ್ತೀಯಾ ಎಂದರೆ ಹೂಂ. ಎರಡು ಮಕ್ಕಳ ವಿಧುರ ಮೇಸ್ತ್ರಿ ಮದುವೆಗೆ ಕೇಳಿದಾಗ ತಾಯಿ ಉತ್ತರ ಹುಡುಕುವ ಮೊದಲೇ ಹೂಂ ಎಂದಳು. ಅವನು ಹೆಂಗಸರ ಮೇಲೆ ಕೈ ಎತ್ತುವವನೆಂದು ಕಾರ್ಖಾನೆಗೆಲ್ಲ ಗೊತ್ತಿತ್ತು.

ಈ ವರ್ಷ ಹಬ್ಬಕ್ಕೆ ಗೆಂಡಿಸ್ ಊರಿಗೆ ಬಂದಿದ್ದಳು. ಪಾಲಿಟೆಕ್ನಿಕ್ ಮುಗಿಸಿ ಈಗ ದೊಡ್ಡ ಇಂಜಿನಿಯರು. ತಿಂಗಳ ಉಪವಾಸ ಮುಗಿದ ಹಬ್ಬದಂದು ನಾವು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳುತ್ತೇವೆ. ಹೂಂ ಎನ್ನುವುದು ಪದ್ಧತಿ. ವೆನಿಂಗ್‌ಳ ತವರಿನಲ್ಲಿ ನಾವೆಲ್ಲ ಕೋಳಿ ಸಾರು ಉಣ್ಣುತ್ತಿದ್ದಾಗ ಗೆಂಡಿಸ್ ಬಂದು ಅವಳ ಎರಡೂ ಕೈ ಹಿಡಿದಳು.

"ನಿಂಗ್, ತಪ್ಪಾಗಿದ್ರೆ ಎಲ್ಲ ಕ್ಷಮಿಸಿಬಿಡು ಕಣೇ."

"ಇಲ್ಲ," ಎಂದಳು ವೆನಿಂಗ್. "ಕ್ಷಮಿಸಲ್ಲ."

ಅಷ್ಟು ವರ್ಷಗಳಲ್ಲಿ ಅವಳ ಕಣ್ಣು ಅಷ್ಟು ನೇರವಾಗಿ ಯಾರನ್ನೂ ನೋಡಿದ್ದು ನಾನು ಕಂಡಿರಲಿಲ್ಲ. ಅದು ಉಪಚಾರದ ಇಲ್ಲ ಅಲ್ಲ, ನನಗೆ ಖಂಡಿತ ಗೊತ್ತು. ಚಾಪೆಯ ಮೇಲಿದ್ದ ಹೆಂಗಸರು ಮಾತ್ರ ಘೊಳ್ಳೆಂದು ನಕ್ಕರು.

"ಬೇಡಮ್ಮ ಮತ್ತೆ ಶುರು ಮಾಡಿದ್ಲು!"

ಗೆಂಡಿಸ್ ಕೂಡ ನಕ್ಕಳು. "ನಂಗೆ ಗೊತ್ತಿಲ್ವಾ ನಮ್ಮೂರ ಪದ್ಧತಿ! ಇನ್ನೊಂದ್ಸಲ ಕೇಳ್ತೀನಿ. ಕ್ಷಮಿಸ್ತೀಯಾ?"

"ಇಲ್ಲ ಅಂದ್ನಲ್ಲ."

"ಹಬ್ಬದ ದಿನ ಏನೇ ಇದು ತಮಾಷೆ?" ಅಡುಗೆಮನೆಯಿಂದ ತಾಯಿ ಗದರಿದರು. "ಅಷ್ಟು ದೂರದಿಂದ ಬಂದಿದಾಳೆ ಮಗು, ಹೂಂ ಅನ್ನು!"

"ಮುಗಿಸೇ ನಿಂಗ್," ಎಂದೆ ನಾನು. "ಸಾರು ಆರ್ತಿದೆ."

"ಮೂರನೇ ಸಲ," ಎಂದಳು ಗೆಂಡಿಸ್. "ಕ್ಷಮಿಸ್ತೀಯಾ?"

ವೆನಿಂಗ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

"ಹೂಂ."

"ನೋಡಿದ್ರಾ ಚಿಕ್ಕಮ್ಮ, ಹೇಗೆ ಒಪ್ಪಿದ್ಲು!" ಎಂದು ಗೆಂಡಿಸ್ ಅಡುಗೆಮನೆಯತ್ತ ಕೂಗಿ, ಚಪ್ಪಾಳೆ ತಟ್ಟಿ ಕೂತಳು. ವೆನಿಂಗ್ ಎದ್ದು ಅವಳಿಗೆ ತಟ್ಟೆ ಹಾಕಿ, ಅನ್ನ ಬಡಿಸಿ, ಸಾರಿನಲ್ಲಿ ಒಳ್ಳೆಯ ತುಂಡು ಹುಡುಕತೊಡಗಿದಳು.