ಹದಿನಾಲ್ಕನೇ ತಾರೀಕಿನ ಅಜ್ಜಿ

ಕಪಾಟಿನ ತಳದಿಂದ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆದಾಗ, ಅದು ಅತ್ತೆಯ ಹಳೆಯ ಹೊದಿಕೆಗಳದ್ದು ಎಂದುಕೊಂಡೆ. ಮನೆಗೆ ಬಣ್ಣ ಹೊಡೆಸುವ ಗಲಾಟೆಯಲ್ಲಿ ಕಪಾಟನ್ನು ಗೋಡೆಯಿಂದ ಸರಿಸಬೇಕಿತ್ತು, ಸರಿಸಬೇಕಾದರೆ ಖಾಲಿ ಮಾಡಬೇಕಿತ್ತು. ಎಲ್ಲಕ್ಕಿಂತ ಕೆಳಗೆ, ಅಂಗಡಿಯವರು ಕೊಟ್ಟ ಕಾಗದದ ಚೀಲದಲ್ಲಿ, ಒಂದು ನೂಲಿನ ಸೀರೆ ಇತ್ತು. ಬಿಳಿ ಮೈ, ಬೆರಳಗಲದ ಹಸಿರು ಅಂಚು. ಒಮ್ಮೆಯೂ ಉಟ್ಟದ್ದಲ್ಲ. ಮಡಿಕೆಯ ಗೆರೆಗಳು ಮಾತ್ರ ಹಳದಿಯಾಗಿದ್ದವು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅದನ್ನು ಅಲ್ಲಿ ಇಟ್ಟವಳು ನಾನೇ, ಇಟ್ಟದ್ದೇ ಗೊತ್ತಿಲ್ಲದವಳಂತೆ ಇಷ್ಟು ವರ್ಷ ಓಡಾಡಿದವಳೂ ನಾನೇ.

ನಮ್ಮದು ಕುಂದಾಪುರದ ಹಳೆಯ ಕ್ರೈಸ್ತ ಮನೆ. ನಾನು ಬ್ರಹ್ಮಾವರದಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಈ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗೋವೆಯಿಂದ ಬಂದ ಹಳಬರು ಜೊತೆಗೆ ತಂದದ್ದಂತೆ, ನನ್ನ ತವರಲ್ಲಿ ಇದನ್ನು ಕಂಡಿರಲಿಲ್ಲ. ಮನೆಯಲ್ಲಿ ತೀರಿಕೊಂಡವರ ವರ್ಷದ ದಿನ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ, ಅವರದೇ ವಯಸ್ಸಿನ ಬಡವರೊಬ್ಬರನ್ನು ಊಟಕ್ಕೆ ಕರೆಯಬೇಕು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಬಾಗಿಲಲ್ಲಿ ನಿಂತು ಎದುರುಗೊಂಡು, ಕಾಲಿಗೆ ನೀರು ಹೊಯ್ದು, ತೀರಿಕೊಂಡವರ ಕುರ್ಚಿಯಲ್ಲೇ ಕೂರಿಸಿ, ಅವರಿಗೆ ಇಷ್ಟವಿದ್ದ ಅಡುಗೆಯನ್ನೇ ಬಡಿಸಬೇಕು. ಬಂದವರು ಉಂಡು ಏಳುವ ತನಕ ಮನೆಯವರು ಬಾಯಿಗೆ ನೀರೂ ಹಾಕುವಂತಿಲ್ಲ. ಕೊನೆಗೆ ಹೊಸ ಬಟ್ಟೆ ಕೊಟ್ಟು, ಮನೆಯವರೆಲ್ಲ ಒಬ್ಬೊಬ್ಬರಾಗಿ ಮೊಣಕಾಲೂರಿ, ಕೈಮುಗಿದು, ‘ಬೆಸಾಂವ್ ದೀ’ ಎಂದು ಆಶೀರ್ವಾದ ಕೇಳಬೇಕು. ಆ ಒಂದು ಹೊತ್ತಿಗೆ ಅವರು ನಮ್ಮ ಹಿರಿಯರು.

ನನ್ನ ಗಂಡನ ಅಜ್ಜಿ ತೀರಿಕೊಂಡದ್ದು ಜುಲೈ ಹದಿನಾಲ್ಕಕ್ಕೆ. ಮೊದಲ ವರ್ಷದ ದಿನ ಬಂದದ್ದು ೧೯೯೭ರಲ್ಲಿ. ಸರಿಯಾದ ಬಡ ಅಜ್ಜಿಯೊಬ್ಬಳು ಬೇಕಲ್ಲ ಎಂದು ಅತ್ತೆ ವಾರದ ಮೊದಲೇ ತಲೆಬಿಸಿ ಮಾಡಿಕೊಂಡಿದ್ದರು. ನಾನು ಟೀಚರಾಗಿದ್ದ ಶಾಲೆಗೆ ಹೋಗುವಾಗ ದಿನಾ ಬಸ್‌ಸ್ಟ್ಯಾಂಡಿನ ಹೂವಿನ ಕಟ್ಟೆಯ ಪಕ್ಕ ಒಬ್ಬರನ್ನು ಕಾಣುತ್ತಿದ್ದೆ. ಮುಷ್ಟಿಯಷ್ಟು ಮುಖ, ಕಿವಿಯಲ್ಲಿ ದೊಡ್ಡ ತೂತು, ತಲೆಗೆ ಸದಾ ಸುತ್ತಿದ ಒಂದು ಬೈರಾಸು. ಬೈಂದೂರು ಕಡೆಯವರು, ಒಣಮೀನು ಮಾರಿ ಬದುಕಿದವರು. ಕಡಲ ಕರೆಯಲ್ಲಿದ್ದ ಗುಡಿಸಲು ಒಂದು ಮಳೆಗಾಲದಲ್ಲಿ ನೀರುಪಾಲಾಗಿ ಇಲ್ಲಿಗೆ ಬಂದಿದ್ದರು. ‘ಮನಿ ಕಡ್ಲಿಗ್ ಹೋಯ್ತ್,’ ಎಂದು ಮಗಳು ಗಂಡನ ಮನೆಗೆ ಹೋದಳು ಎನ್ನುವಷ್ಟೇ ಹಗುರವಾಗಿ ಹೇಳುತ್ತಿದ್ದರು. ಅವರನ್ನು ನಾನೇ ಕರೆತಂದೆ. ಅತ್ತೆ ಮೇಲಿಂದ ಕೆಳಗೆ ನೋಡಿ, ‘ಎತ್ತರವೂ ಅವರದೇ,’ ಎಂದು ಸಮಾಧಾನಪಟ್ಟರು.

ಹಾಗೆ ಐದು ವರ್ಷ ಅವರು ನಮ್ಮ ‘ವ್ಹಡ್ಲಿಮಾಂಯ್’ ಆದರು. ಕೊಂಕಣಿಯಲ್ಲಿ ಅಜ್ಜಿಗೆ ಹೇಳುವ ಮಾತು ಅದು, ವರ್ಷದ ದಿನ ಅವರನ್ನು ಎಲ್ಲರೂ ಹಾಗೇ ಕರೆಯಬೇಕಿತ್ತು. ಅವರೂ ಆ ಕುರ್ಚಿಯನ್ನು ತಮಾಷೆಗೆ ತೆಗೆದುಕೊಂಡವರಲ್ಲ. ಎರಡನೇ ವರ್ಷ ನನ್ನ ಗಂಡ ಅಂಗಳದಲ್ಲಿ ಸಿಗರೇಟು ಹಚ್ಚಿದ್ದನ್ನು ಕಿಟಕಿಯಿಂದ ಕಂಡು, ‘ಹ್ವಾಯ್, ಅದನ್ ಬಿಸಾಡ್. ಅಜ್ಜಿ ಹೇಳ್ರೂ ಕೇಂತಿಲ್ಯಾ?’ ಎಂದು ಗದರಿಸಿದ್ದರು. ನಾವೆಲ್ಲ ಬಿದ್ದುಬಿದ್ದು ನಕ್ಕೆವು. ನನ್ನ ಗಂಡ ಮಾತ್ರ ನಿಜವಾಗಿಯೂ ಬಿಸಾಡಿದರು. ಇನ್ನೊಂದು ವರ್ಷ, ತಟ್ಟೆಯಲ್ಲಿದ್ದ ಹಂದಿಮಾಂಸವನ್ನು ಮೆಲ್ಲಗೆ ಬದಿಗೆ ಸರಿಸುತ್ತಾ ನನ್ನ ಕಿವಿಯಲ್ಲಿ, ‘ಇದ್ ನಿಮ್ಮಜ್ಜಿಗ್ ಇಷ್ಟ ಅಲ್ದಾ. ನಂಗ್ ಗಂಜಿ, ಒಂದ್ ಚೂರ್ ಮೀನ್ ಸಾರ್ ಇದ್ರೆ ಸಾಕ್,’ ಎಂದರು. ನಾನು ನಕ್ಕೆ. ಮರುವರ್ಷವೂ ಹಂದಿಮಾಂಸವನ್ನೇ ಬಡಿಸಿದೆವು. ಪದ್ಧತಿ ಅಂದರೆ ಪದ್ಧತಿ.

ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವರು ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದರು, ನಾನು ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಒಮ್ಮೆ ನಾಲ್ಕು ವರ್ಷದ ನನ್ನ ಮಗಳು ಅವರನ್ನು ಕಂಡು, ‘ವ್ಹಡ್ಲಿಮಾಂಯ್,’ ಎಂದು ಕೂಗುತ್ತಾ ಓಡಿದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು, ಅವರಲ್ಲಿ ನಮ್ಮ ಇಗರ್ಜಿಯವರೂ ಇದ್ದರು. ನಾನು ಮಗಳ ರಟ್ಟೆ ಹಿಡಿದು ಎಳೆದು, ಇವತ್ತಲ್ಲ, ಹದಿನಾಲ್ಕನೇ ತಾರೀಕಿಗೆ ಮಾತ್ರ ಹಾಗೆ ಕರೆಯಬೇಕು ಎಂದು ಹೇಳಿಕೊಟ್ಟೆ. ಅಜ್ಜಿ ಎತ್ತಿದ ಕೈಯನ್ನು ಹಾಗೇ ಬೈರಾಸಿನ ಕಡೆಗೆ ತಿರುಗಿಸಿ ತಲೆ ಸರಿಮಾಡಿಕೊಂಡರು. ಅವರಿಗೆ ಅರ್ಥವಾಗಿತ್ತು... ನನಗಿಂತ ಚೆನ್ನಾಗಿಯೇ ಅರ್ಥವಾಗಿತ್ತು.

ಆರನೇ ವರ್ಷದ ಜುಲೈಯಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ಹತ್ತನೇ ತಾರೀಕು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮಧ್ಯಾಹ್ನದ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಗೇಟಿನ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅಜ್ಜಿ ಜಗಲಿಯ ಮೆಟ್ಟಿಲ ಕೆಳಗೆ, ಹಂಚಿನ ಮಾಡಿನ ನೀರು ಸುರಿಯುವಲ್ಲೇ, ಗೋಡೆ ಹಿಡಿದು ನಿಂತಿದ್ದರು. ಮೈಯೆಲ್ಲ ನಡುಗುತ್ತಿತ್ತು.

‘ಅಮ್ಮಾ, ಚಳಿ ಜ್ವರ. ಬಸ್‌ಸ್ಟ್ಯಾಂಡಂಗ್ ನೀರ್ ಒಳಗ್ ಬತ್ತ್. ಎರ್ಡ್ ದಿನ ಈ ಜಗ್ಲಿ ಮೇಲ್ ಮನಿಕಂತೆ. ಊಟ ಎಂತದೂ ಬ್ಯಾಡ. ಜ್ವರ ಬಿಟ್ ಕೂಡ್ಲೆ ಎದ್ಕಂಡ್ ಹೋತೆ.’

ನಮ್ಮ ಜಗಲಿ ಚಿಕ್ಕದಲ್ಲ. ಗೋಡೆಗೆ ತಾಗಿ ಆಳುದ್ದದ ಮರದ ಬೆಂಚು ಇದೆ, ಮೇಲೆ ಗಟ್ಟಿ ಮಾಡು ಇದೆ. ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಮುಚ್ಚುಮರೆಯಿಲ್ಲದೆ ಬರೆಯಬೇಕು. ಜಗಲಿಗೆ ಮೊನ್ನೆಯಷ್ಟೇ ಕೆಂಪು ಬಣ್ಣ ಹೊಡೆಸಿದ್ದೆವು. ಹನ್ನೆರಡನೇ ತಾರೀಕಿಗೆ ಮುಂಬಯಿಯಿಂದ ನಾದಿನಿಯರು ಬರುವವರಿದ್ದರು. ಒಮ್ಮೆ ಮಲಗಿದವರು ಮತ್ತೆ ಏಳದಿದ್ದರೆ ಎಂಬ ಹೆದರಿಕೆಯೂ ಇತ್ತು. ಅವರ ಒದ್ದೆ ಬಟ್ಟೆಯ ವಾಸನೆಯೂ ಇತ್ತು. ಎಲ್ಲಕ್ಕಿಂತ ಮುಂದೆ ಬಂದು ನಿಂತದ್ದು ಬೇರೆಯೇ ಒಂದು ಯೋಚನೆ: ನಾಲ್ಕು ದಿನ ಇಲ್ಲೇ ಮಲಗಿದವರನ್ನು ಹದಿನಾಲ್ಕಕ್ಕೆ ಬಾಗಿಲಲ್ಲಿ ನಿಂತು ಎದುರುಗೊಳ್ಳುವುದು ಹೇಗೆ? ಬಡವರು ಹೊರಗಿನಿಂದಲೇ ಬರಬೇಕಲ್ಲ. ಅವರನ್ನು ಒಳಗೆ ಬಿಟ್ಟುಕೊಂಡರೆ ನಮ್ಮ ಪದ್ಧತಿ ಕೆಡುತ್ತದೆ. ಇದನ್ನು ನಾನು ಆ ಹೊತ್ತಿಗೆ ಒಂದು ದೊಡ್ಡ ಕಾರಣ ಎಂದೇ ನಂಬಿದೆ.

‘ಹದಿನಾಲ್ಕಕ್ಕೆ ಬನ್ನಿ ಅಜ್ಜಿ,’ ಎಂದೆ. ‘ಅವತ್ತ್ ಹ್ಯಾಂಗೂ ಬರ್ಕಲ್ದಾ.’

‘ಇವತ್ತ್ ಎಷ್ಟ್ ತಾರೀಕ್?’

‘ಹತ್ತ್.’

ಅವರು ಒದ್ದೆ ಬೆರಳುಗಳನ್ನು ಮಡಚಿ ಎಣಿಸಿದರು. ‘ನಾಕ್ ದಿನ ಅಲ್ದಾ. ಆಯ್ತ್ ಮಗಾ, ಬತ್ತೆ.’

ಬೇಸರದಿಂದಲೋ ಚುಚ್ಚಿಯೋ ಹೇಳಿದ್ದರೆ ನನಗೆ ಇವತ್ತು ಸ್ವಲ್ಪವಾದರೂ ಹಗುರಾಗುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ನಾನು ಒಳಗಿನಿಂದ ಎರಡು ಜ್ವರದ ಮಾತ್ರೆ, ಒಂದು ಬನ್ನು ತಂದುಕೊಟ್ಟೆ. ಬರಿಗೈಯಲ್ಲಿ ಕಳಿಸಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೇಟು ಹಾಕಿ ಒಳಗೆ ಬಂದಾಗ ಅತ್ತೆ ಕೋಣೆಯಿಂದ, ಯಾರು ಬಂದದ್ದು ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಹದಿನಾಲ್ಕಕ್ಕೆ ಎಲ್ಲ ತಯಾರಾಗಿತ್ತು. ಕುರ್ಚಿ ಒರೆಸಿ ಇಟ್ಟಿದ್ದೆವು, ತಂಬಿಗೆಯಲ್ಲಿ ಬೆಚ್ಚಗಿನ ನೀರು ಇತ್ತು, ಹಸಿರು ಅಂಚಿನ ಈ ಸೀರೆ ತಟ್ಟೆಯಲ್ಲಿತ್ತು. ಆ ವರ್ಷ ಅಂಚನ್ನು ಆರಿಸಿದವಳು ನಾನು. ಅವರಿಗೆ ಹಸಿರು ಇಷ್ಟ ಎಂದು ಹೇಗೋ ತಿಳಿದುಕೊಂಡಿದ್ದೆ. ಹನ್ನೊಂದು ಗಂಟೆಯಾದರೂ ಅಜ್ಜಿ ಬರಲಿಲ್ಲ. ಮನೆತುಂಬ ಹಸಿದ ನೆಂಟರು, ಮಕ್ಕಳ ರಗಳೆ. ಕೊಡೆ ಹಿಡಿದು ನಾನೇ ಬಸ್‌ಸ್ಟ್ಯಾಂಡಿಗೆ ಹೋದೆ.

ಹೂವಿನ ಕಟ್ಟೆಯ ಪಕ್ಕದ ಜಾಗ ಖಾಲಿ ಇತ್ತು. ಹೂವು ಮಾರುವವಳು ನೂಲು ಸುತ್ತುತ್ತಲೇ ಹೇಳಿದಳು, ‘ಅವ್ರ್ ನಿನ್ನೆ ಬೆಳಿಗ್ಗೆ ಏಳ್ಲೇ ಇಲ್ಲೆ ಅಮ್ಮಾ. ಪುರಸಭೆಯವ್ರ್ ಬಂದ್ ತಕಂಡ್ ಹೋದ್ರ್.’ ಆಮೇಲೆ ಏನೋ ನೆನಪಾದವಳಂತೆ, ‘ಎರ್ಡ್ ದಿನ ಎದ್ ಕೂಡ್ಲೆ ಅದೇ ಕೇಂತಿದ್ರ್, ಇವತ್ತ್ ಎಷ್ಟ್ ತಾರೀಕ್ ಅಂದೇಳಿ. ಎಲ್ಲೋ ಊಟಕ್ಕ್ ಹೋಯ್ಕ್ ಅಂತಿದ್ರ್, ಪಾಪ,’ ಎಂದಳು.

ಅವಳು ಮುಖ ಎತ್ತಿ ನನ್ನನ್ನು ನೋಡಿದಳು.

‘ಅವ್ರ್ ನಿಮ್ಗ್ ಸಂಬಂಧದಂಗ್ ಎಂತ ಆಯ್ಕ್?’

‘ಎಂತದೂ ಅಲ್ಲ,’ ಎಂದೆ. ಹೂವಿಗೇ ಬಂದವಳಂತೆ ಎರಡು ಮೊಳ ಅಬ್ಬಲಿಗೆ ಕೊಂಡೆ.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ನಾನು ಸ್ವಲ್ಪ ಒಳ್ಳೆಯವಳಂತೆ ಕಂಡೇನು. ಆದರೆ ಮನೆಯಲ್ಲಿ ಕುರ್ಚಿ ಖಾಲಿ ಇತ್ತು, ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಹಿಂದಿರುಗುವಾಗ ರಸ್ತೆ ಬದಿಯಲ್ಲಿ ಹರಿವೆ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬಂದೆ. ಅವಳಿಗೆ ಮನೆ ಇತ್ತು, ಮೂವರು ಗಂಡುಮಕ್ಕಳಿದ್ದರು. ಎಲ್ಲಿಗೆ, ಯಾಕೆ ಎಂದು ಕೇಳುತ್ತಲೇ ಕುರ್ಚಿಯಲ್ಲಿ ಕುಳಿತಳು. ಹಂದಿಮಾಂಸವನ್ನು ಎರಡು ಸಲ ಹಾಕಿಸಿಕೊಂಡು ಉಂಡಳು, ಅತ್ತೆಗೆ ಬಹಳ ಖುಷಿಯಾಯಿತು. ಇವಳಿಗೆ ಸೀರೆ ಕೊಡುವ ಹೊತ್ತಿಗೆ ನನ್ನ ಕೈ ಬರಲಿಲ್ಲ. ಇದರಲ್ಲಿ ಕಲೆ ಇದೆ ಎಂದು ಅತ್ತೆಗೆ ಸುಳ್ಳು ಹೇಳಿ, ನನಗೆಂದು ಇಟ್ಟಿದ್ದ ಇನ್ನೊಂದನ್ನು ತಂದುಕೊಟ್ಟೆ. ಆಮೇಲೆ ಎಲ್ಲರೂ ಸಾಲಾಗಿ ಮೊಣಕಾಲೂರಿದೆವು. ನನ್ನ ಸರದಿ ಬಂದಾಗ ನಾನೂ ಊರಿದೆ, ‘ಬೆಸಾಂವ್ ದೀ,’ ಎಂದೆ. ಗುರುತಿಲ್ಲದ ಆ ಮುದುಕಿ ಏನು ಮಾಡಬೇಕೆಂದು ತಿಳಿಯದೆ ನನ್ನ ತಲೆ ಸವರಿದಳು.

ಅತ್ತೆಗೂ ಗಂಡನಿಗೂ ಅಜ್ಜಿ ಸತ್ತರು ಎಂದಷ್ಟೇ ಹೇಳಿದೆ. ಹತ್ತನೇ ತಾರೀಕಿನ ವಿಷಯ ಹೇಳಲಿಲ್ಲ. ಶನಿವಾರ ಪಾಪನಿವೇದನೆಗೆ ಹೋದಾಗ ಪಾದ್ರಿಗಳ ಬಳಿ ಸೀರೆಯ ಕಲೆಯ ಸುಳ್ಳನ್ನು ಹೇಳಿಕೊಂಡೆ. ಅದನ್ನು ಹೇಳುವುದು ಸುಲಭವಿತ್ತು. ಜಗಲಿಯ ಮಾತನ್ನು ಹೇಳದೆ ಎದ್ದು ಬಂದೆ. ಮರುದಿನ ಭಾನುವಾರ, ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವ ಸರದಿ ನನ್ನದೇ. ಏಳು ದಯೆಯ ಕಾರ್ಯಗಳನ್ನು ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ... ನಾಲ್ಕನೆಯದಾದ ‘ನೆಲೆಯಿಲ್ಲದವರಿಗೆ ಆಸರೆ’ಯ ಹತ್ತಿರ ಬಂದಾಗ ನಾನು ಕರಿಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಹಲಗೆಯನ್ನು ಒರೆಸಿದೆ.

ಐದು ವರ್ಷ ನಾವು ಅವರಿಗೆ ಕೊಟ್ಟದ್ದೆಲ್ಲ ತೀರಿಹೋದ ಇನ್ನೊಬ್ಬರಿಗೆ ಕೊಟ್ಟದ್ದು. ಅಜ್ಜಿಗೆ ಬೇಕಿದ್ದದ್ದು ಗಂಜಿ, ನಾವು ಬಡಿಸಿದ್ದು ಬೇರೆ. ಅವರು ತಾವಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ ಸಲ, ಅದು ಒಂದು ಬೆಂಚು. ಕ್ರೈಸ್ತರಾದವರು ಬಡವರಿಗೆ ಹೇಗೆ ನೆರವಾಗಬೇಕು ಎಂದು ಧರ್ಮಪಾಠದ ಹೊಸ ಟೀಚರುಗಳು ನನ್ನನ್ನು ಕೇಳುವುದುಂಟು. ಕೇಳಿದ್ದನ್ನು ಕೇಳಿದ ದಿನವೇ ಕೊಡಿ, ನಿಮ್ಮ ದಿನಕ್ಕಾಗಿ ಅವರನ್ನು ಕಾಯಿಸಬೇಡಿ ಎನ್ನುತ್ತೇನೆ. ಎಲ್ಲಿಂದ ಕಲಿತೆ ಎಂದು ಮಾತ್ರ ಹೇಳುವುದಿಲ್ಲ.

ಈಗ ಅತ್ತೆಯೂ ಇಲ್ಲ. ಕುರ್ಚಿಯ ಕಾಲು ಮುರಿದು ಅದನ್ನು ಅಟ್ಟಕ್ಕೆ ಹಾಕಿದ್ದೇವೆ. ಹದಿನಾಲ್ಕಕ್ಕೆ ಒಂದು ಆಶ್ರಮಕ್ಕೆ ಊಟ ಕಳಿಸುತ್ತೇವೆ. ಅಲ್ಲಿಯವರು ಉಣ್ಣುತ್ತಿರುವ ಫೋಟೋ ಮಧ್ಯಾಹ್ನದೊಳಗೆ ಫೋನಿಗೆ ಬರುತ್ತದೆ.

ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ. ಮಗಳು ಬಣ್ಣದವರಿಗೆ ಚಹಾ ಕೊಟ್ಟು ಒಳಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಾ ಓಡಿದ ಅದೇ ಮಗಳು. ಅವಳಿಗೆ ಅದೊಂದೂ ನೆನಪಿಲ್ಲ.

‘ಯಾರ್ ಸೀರೆ ಅಮ್ಮಾ ಇದ್?’

‘ಯಾರದ್ದೂ ಅಲ್ಲ,’ ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅವಳು ಅದನ್ನು ನನ್ನ ಮಡಿಲಿನಿಂದ ಎತ್ತಿ, ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ‘ಹೊಸ್ತೇ ಇತ್ತಲೆ. ಮಡಿಸಿ ಇಡ್ತೆ. ಹದಿನಾಲ್ಕಕ್ಕ್ ಯಾರಾದ್ರೂ ಬಡವ್ರಿಗ್ ಕೊಡ್ಲಕ್ಕ್,’ ಎಂದಳು.

ಹದಿನಾಲ್ಕಕ್ಕೆ ಇನ್ನೂ ಎರಡು ತಿಂಗಳಿತ್ತು. ಮಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅವಳ ರಟ್ಟೆ ಹಿಡಿದು ಎಳೆದು ಆ ತಾರೀಕನ್ನು ಕಲಿಸಿದವಳು ನಾನು. ಅವಳು ಸೀರೆಯನ್ನು ಹಳೆಯ ಗೆರೆಗಳಲ್ಲೇ ಮಡಿಸಿ ಚೀಲಕ್ಕೆ ಹಾಕಿದಳು, ನಾನು ನೋಡುತ್ತಾ ಕುಳಿತಿದ್ದೆ. ಹೊರಗೆ ಬಣ್ಣದವರು ಜಗಲಿಯ ಬೆಂಚನ್ನು ಎತ್ತಿ ಅಂಗಳದಲ್ಲಿಟ್ಟು, ಇದನ್ನು ಮತ್ತೆ ಎಲ್ಲಿ ಇಡಬೇಕು ಎಂದು ಕೇಳುತ್ತಿದ್ದರು.